ಸಹಾಯ ಬೇಕು: ಸಿಲ್ವರ್ ಸ್ಟಾರ್, ಶಂಭಾಲಾ ರೋಲರ್ ಕೋಸ್ಟರ್ ಎರಡನ್ನೂ ಹತ್ತಿದವರು ಹೇಳಿ

ಜರ್ಮನಿಯ ಯೂರೋಪಾ-ಪಾರ್ಕ್‌ನ ಸಿಲ್ವರ್ ಸ್ಟಾರ್ (2002, 73 ಮೀ.), ಸ್ಪೇನಿನ ಪೋರ್ಟ್‌ಅವೆಂಚುರಾದ ಶಂಭಾಲಾ (2012, 76 ಮೀ.) ಹೋಲಿಸುತ್ತಿದ್ದೇವೆ. ತಯಾರಕರು ಒಬ್ಬರೇ, ಸ್ವಿಟ್ಜರ್ಲೆಂಡಿನ ಬಿ ಆಂಡ್ ಎಂ. ಎತ್ತರ ಬಿಡಿ, ಬೇಕಿರುವುದು ಏರ್‌ಟೈಮ್ (ಮೈ ಸೀಟಿನಿಂದ ಮೇಲೇಳುವ ಹೊತ್ತು) ಲೆಕ್ಕ: ಯಾವ ದಿಬ್ಬದಲ್ಲಿ ಸೀಟು ಬಿಟ್ಟು ಎದ್ದಿರಿ, ಎಷ್ಟು ಸೆಕೆಂಡ್?

ರೈಲಿನಲ್ಲಿ ಕೂತ ಸಾಲಿನ ಸಂಖ್ಯೆ ತಪ್ಪದೆ ಬರೆಯಿರಿ. ಮೊದಲ ಇಳಿಜಾರಿನಲ್ಲಿ ಹಿಂದಿನ ಸಾಲನ್ನು ಮುಂದಿನ ಬೋಗಿಗಳ ಭಾರ ದರದರ ಎಳೆದುಕೊಳ್ಳುತ್ತೆ. ಮುಂದಿನ ಸಾಲು ತುದಿಯಲ್ಲಿ ತೂಗಾಡುತ್ತೆ. ಸಾಲು ಬೆರೆಸಿದರೆ ಹೋಲಿಕೆಯೇ ಕೆಟ್ಟಂತೆ. ಹತ್ತಿದ ಹೊತ್ತೂ ಬೇಕು, ಬೆಳಗಿನ ಚಳಿಗೆ ಚಕ್ರ, ಬೇರಿಂಗ್ ಬಿಗಿ, ರೈಲು ನಿಧಾನ. ಸೀಟಿನಲ್ಲಿ ಹಿಡಿದಿಡುವ ಬಾರ್ ತೊಡೆಗೆ ಒತ್ತಿತ್ತೇ, ಎರಡು ಬೆರಳು ಸಂದಿತ್ತೇ? ಸಿಲ್ವರ್ ಸ್ಟಾರ್‌ನ ನಡುವಿನ ಬ್ರೇಕ್ ಎಷ್ಟು ಹಿಡಿಯಿತು ಅಂತಲೂ ತಿಳಿಸಿ. ‘ಸಖತ್ತಾಗಿತ್ತು’ ಅಂದರೆ ಪಟ್ಟಿಗೆ ಸೇರಲ್ಲ!