ಅದು ರೇವಾ ಅಲ್ಲ ಪುಟ್ಟಿ, ಡಾಲ್ಫಿನ್!

ಪುಟ್ಟಿ, ಬೆಳಿಗ್ಗೆ ನಾನು ಹಾಕಿದ ಹಳೇ ಕಾರಿನ ಫೋಟೋ ನೋಡಿ "ಮಾವ, ಇದು ಹಳೇ ರೇವಾನಾ?" ಅಂತ ಕೇಳಿದ್ದೀಯ. ಭಾವ ಅಂತೂ "ಪ್ಲಾಸ್ಟಿಕ್ ಡಬ್ಬ" ಅಂತ ಬರೆದು ನಗುವ ಮುಖ ಹಾಕಿದ್ದಾರೆ. ಅಪ್ಪ-ಮಗಳಿಗೆ ಒಟ್ಟಿಗೇ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ರೇವಾ ಬಂದದ್ದು 2001ರಲ್ಲಿ, ಅದು ಬ್ಯಾಟರಿ ಕಾರು. ಇದು ಸಿಪಾನಿ ಕಂಪನಿಯ ಡಾಲ್ಫಿನ್, ಪೆಟ್ರೋಲ್ ಗಾಡಿ, 1980ರ ದಶಕದ್ದು. ಎರಡೂ ನಮ್ಮ ಬೆಂಗಳೂರಲ್ಲೇ ತಯಾರಾದವು, ಅಷ್ಟೇ ನಂಟು.

ನಿನ್ನೆ ಬ್ರೇಕ್ ತೋರಿಸೋಣ ಅಂತ ಗ್ಯಾರೇಜಿಗೆ ಹೋಗಿದ್ದೆ. ಮೂಲೆಯಲ್ಲಿ ಏನೋ ಟಾರ್ಪಾಲ್ ಹೊದ್ದುಕೊಂಡು ನಿಂತಿತ್ತು. ಮೆಕ್ಯಾನಿಕ್ ಸರಿಸಿ ತೋರಿಸಿದರು. ಚಿಕ್ಕವನಿದ್ದಾಗ ರಸ್ತೆಯಲ್ಲಿ ಸುಂಯ್ ಅಂತ ಹೋಗಿದ್ದನ್ನು ನೋಡಿದ್ದೆ, ಮುಟ್ಟಿದ್ದು ಇದೇ ಮೊದಲು. ಬಾನೆಟ್ ಮೇಲೆ ಬೆರಳಲ್ಲಿ ತಟ್ಟಿದೆ. ತಗಡಿನ ಟಣ್ ಇಲ್ಲ. ಹಳೇ ಸೂಟ್‌ಕೇಸ್ ತಟ್ಟಿದ ಹಾಗೆ ಡಬ್ ಡಬ್. ಮೈಯೆಲ್ಲ ಫೈಬರ್ ಗ್ಲಾಸ್, ಅಂದರೆ ಗಾಜಿನ ಎಳೆ ಸೇರಿಸಿದ ಗಟ್ಟಿ ಪ್ಲಾಸ್ಟಿಕ್. ಭಾವ, ನೀವಂದ ಡಬ್ಬದ ಬಾಗಿಲಿನ ಅಡಿಗೆ ಕೈ ಹಾಕಿ ಸವರಿದೆ, ಒಂದು ಚೂರು ತುಕ್ಕಿಲ್ಲ. ನಿಮ್ಮ ಕಾರಿನ ಬಾಗಿಲಿನ ವಿಷಯ ಎತ್ತೋದು ಬೇಡ ಬಿಡಿ.

ಹಾಗಂತ ಕಲೆಯೇ ಇಲ್ಲ ಅಂತಲ್ಲ. ಹೆಡ್‌ಲೈಟ್ ಪಕ್ಕ ಜೇಡರ ಬಲೆಯಂಥ ಸಣ್ಣ ಸಣ್ಣ ಬಿರುಕು. ಪೆಟ್ಟು ಬಿದ್ದರೆ ತಗಡು ತಗ್ಗಾಗುತ್ತದೆ, ಫೈಬರ್ ಸೀಳುತ್ತದೆ. ಸುತ್ತಿಗೆ ಹಿಡಿದು ಟಿಂಕರಿಂಗ್ ಮಾಡುವ ಹಾಗಿಲ್ಲ. ಬಟ್ಟೆಯಂಥ ಫೈಬರ್ ಮ್ಯಾಟ್ ಅಂಟಿಸಿ, ರೆಸಿನ್ ಅನ್ನೋ ಗಟ್ಟಿಯಾಗುವ ಅಂಟು ಬಳಿದು, ಒಣಗಿದ ಮೇಲೆ ಉಜ್ಜಬೇಕು.

ಕಾರಿನ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು. ಅಂಬಾನಿಯವರ ರಿಲಯನ್ಸ್ ಅಲ್ಲ, ಈಗಲೇ ಹೇಳಿಬಿಡುತ್ತೇನೆ! ಮುಂದೆ 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಓಡುವುದು ಹಿಂದಿನ ಚಕ್ರದ ಬಲದಿಂದ. ಗಾಡಿ ಹಗುರ. ಅದಕ್ಕೇ ಆಗ ರೇಸು, ರ‍್ಯಾಲಿಯವರಿಗೆ ಇದರ ಮೇಲೆ ಕಣ್ಣು.

ಆದರೆ ಬಾಗಿಲು ಎರಡೇ. ಹಿಂದೆ ಕೂರಬೇಕು ಅಂದರೆ ಮುಂದಿನ ಸೀಟು ಮಡಚಿ ನುಗ್ಗಬೇಕು. ಸೀರೆ ಉಟ್ಟ ಅಜ್ಜಿಯನ್ನು ಅದರೊಳಗೆ ಹತ್ತಿಸೋದು ಹೇಗೆ ಹೇಳಿ? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅಕ್ಕಪಕ್ಕ ನಾಲ್ಕು ಬಾಗಿಲು. ಡಾಲ್ಫಿನ್ ಸೋತಿದ್ದು ಎಂಜಿನ್‌ಗಿಂತ ಜಾಸ್ತಿ ಬಾಗಿಲಿನಿಂದಲೇ ಅಂತ ನನ್ನ ಲೆಕ್ಕ. ಆಮೇಲೆ ಅದೇ ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ತಂದರು. ಅಷ್ಟು ಹೊತ್ತಿಗೆ ಜನ ಮಾರುತಿಗೆ ಕ್ಯೂ ನಿಂತಾಗಿತ್ತು.

ಪುಟ್ಟಿ, ಎರಡನೇ ಫೋಟೋ ದೊಡ್ಡದು ಮಾಡಿ ನೋಡು. ಹಿಂದಿನ ಸೀಟಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿರುವುದು ನಾನೇ. ಹೊರಗೆ ಎಳೆಯೋಕೆ ಇಬ್ಬರು ಬೇಕಾದರು. ಹಾಗೆ ಎಳೆಯುವಾಗ ತೆಗೆದ ಫೋಟೋ ಮಾತ್ರ ಹಾಕಲ್ಲ.