ಓದುಗರ ಸ್ಪಂದನ: ರೆಸಾರ್ಟೋ, ಛತ್ರವೋ?

ಕಳೆದ ಸಂಚಿಕೆಯ ಸಮಸ್ಯೆ

ನಾನು ಹಾಸನದವಳು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತುಳಸಿ ಹಬ್ಬ ಕಳೆದ ಮೇಲೆ ಮದುವೆ. ಬೀಗರು ದಾವಣಗೆರೆಯವರು, ಒಳ್ಳೆಯ ಜನ. ತೊಂದರೆ ಇರುವುದು ನಮ್ಮ ಮನೆಯಲ್ಲೇ. ನಮ್ಮವರಿಗೆ ಊರಿನ ಛತ್ರದಲ್ಲಿ ಸಾವಿರ ಜನಕ್ಕೆ ಊಟ ಹಾಕಿ ಮದುವೆ ಮಾಡುವ ಆಸೆ. ಮಗಳಿಗೆ ಸಕಲೇಶಪುರದ ರೆಸಾರ್ಟ್ ಬೇಕು. ನೂರೈವತ್ತೇ ಜನ, ವೆಡ್ಡಿಂಗ್ ಪ್ಲಾನರ್, ಹಳದಿ, ಸಂಗೀತ್, ಹೊಳೆಯಲ್ಲಿ ತೆಪ್ಪದ ಮೇಲೆ ಫೋಟೊ ಶೂಟ್. ನಾವು ಕೂಡಿಟ್ಟಿರುವುದು 15 ಲಕ್ಷ. ಪ್ಲಾನರ್ ಕೊಟ್ಟಿರುವ ಅಂದಾಜು 22 ಲಕ್ಷ. ಉಳಿದದ್ದಕ್ಕೆ ನಾನೇ ಸಾಲ ಮಾಡುತ್ತೇನೆ ಅಂತಾಳೆ. ಅಪ್ಪ, ಮಗಳು ಮಾತು ಬಿಟ್ಟಿದ್ದಾರೆ. ನಾನೇನು ಮಾಡಲಿ?

ಓದುಗರು ಬರೆದಿದ್ದಾರೆ:

ಆ 22 ಲಕ್ಷವನ್ನು ಬಿಡಿಸಿ ನೋಡಿ

ನಾನು ಮದುವೆ ಪ್ಲಾನಿಂಗ್ ಮಾಡುವವಳು. ಹಾಗಾಗಿ ಪ್ಲಾನರ್ ಬೇಡ ಅಂತ ಹೇಳುವುದಿಲ್ಲ. ಆದರೆ ಆ ಅಂದಾಜು ಪಟ್ಟಿಯಲ್ಲಿ ಪ್ಲಾನರ್ ಫೀ ಎಷ್ಟಿದೆ ನೋಡಿ. ಒಟ್ಟು ಖರ್ಚಿನ ಮೇಲೆ ಪರ್ಸೆಂಟೇಜ್ ಇದ್ದರೆ, ಖರ್ಚು ಏರಿದಷ್ಟೂ ಅವರಿಗೆ ಲಾಭ. ಕೆಲಸಕ್ಕೆ ಇಷ್ಟು ಅಂತ ಒಂದೇ ಮೊತ್ತ ಹೇಳಿಸಿ. ಹೂವು, ಸ್ಟೇಜ್, ಲೈಟಿಂಗ್, ಫೋಟೊ, ಡಿಜೆ, ಮೇಕಪ್ ಎಲ್ಲ ಬೇರೆ ಬೇರೆ ಬರೆಸಿ. ‘ಡೆಕೋರೇಷನ್ ಪ್ಯಾಕೇಜ್’ ಅಂತ ಒಂದೇ ಸಾಲು ಇದ್ದರೆ ಎಲ್ಲಿ ಕಡಿಮೆ ಮಾಡಬಹುದು ಅಂತ ಗೊತ್ತಾಗುವುದೇ ಇಲ್ಲ.

ತುಳಸಿ ಹಬ್ಬಕ್ಕೂ ಧನುರ್ಮಾಸಕ್ಕೂ ನಡುವೆ ಸಿಗುವುದು ಹೆಚ್ಚೆಂದರೆ ಐದಾರು ವಾರ. ಡಿಸೆಂಬರ್ ಮಧ್ಯಕ್ಕೆ ಮುಹೂರ್ತ ನಿಂತುಹೋಗುತ್ತದೆ. ಆ ಕೆಲವೇ ದಿನಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಛತ್ರ, ಅಡುಗೆಯವರು, ವಾದ್ಯದವರು, ಮೇಕಪ್‌ನವರು, ಎಲ್ಲರ ರೇಟೂ ಆಗ ಮೇಲೆ. ಬೀಗರು ಒಪ್ಪಿದರೆ ಫೆಬ್ರವರಿ, ಮಾರ್ಚ್ ಕಡೆ ವಾರದ ನಡುವಿನ ದಿನ ನೋಡಿ. ಅಲ್ಲೇ ಒಂದಷ್ಟು ಉಳಿಯುತ್ತದೆ.

ನೂರೈವತ್ತು ಜನ ಅಂದರೆ ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ರೆಸಾರ್ಟಿನಲ್ಲಿ ಅಷ್ಟೂ ಜನಕ್ಕೆ ಮಲಗುವ ಜಾಗ ಬೇಕು. ರೂಮಿಗೆ ಮೂವರು ಅಂದರೂ ಐವತ್ತು ರೂಮು, ಅದೂ ಎರಡು ರಾತ್ರಿ. ದುಡ್ಡು ಹೋಗುವುದು ಅಲ್ಲಿ. ಹುಲ್ಲುಹಾಸಿನ ಮೇಲೆ ಮಂಟಪ ಹಾಕುವುದಾದರೆ, ಮಳೆ ಬಂದಾಗ ಒಳಗೆ ಜಾಗ ಇದೆಯಾ ಕೇಳಿ. ನವೆಂಬರ್‌ನಲ್ಲಿ ವಾಯುಭಾರ ಕುಸಿತ ಅಂತ ಮೋಡ ಕವಿದರೆ ಮಲೆನಾಡಿನಲ್ಲಿ ಎರಡು ದಿನ ಬಿಡುವುದಿಲ್ಲ. ಇನ್ನು ಸಂಗೀತ್. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಎಲ್ಲರೂ ಅಲಂಕಾರ ಮುಗಿಸಿ ಬರುವುದೇ ಒಂಬತ್ತಕ್ಕೆ. ಒಂದು ಗಂಟೆ ಕುಣಿಯುವುದಕ್ಕೆ ಡಿಜೆಗೆ ಅಷ್ಟು ಕೊಡಬೇಕಾ, ಮಗಳೇ ಯೋಚಿಸಲಿ.

ಛತ್ರ ಅಗ್ಗ ಅಂತ ನಿಮ್ಮ ಯಜಮಾನರೂ ತಿಳಿಯಬಾರದು. ಬಾಡಿಗೆ ಮೇಲೆ 18% ಜಿಎಸ್‌ಟಿ ಇರುತ್ತದೆ. ಕರೆಂಟು ಯೂನಿಟ್ ಲೆಕ್ಕ, ಜನರೇಟರ್ ಡೀಸೆಲ್, ಕ್ಲೀನಿಂಗ್ ಎಲ್ಲ ಬೇರೆ. ಹೊರಗಿನ ಡೆಕೋರೇಷನ್‌ನವರನ್ನು ಬಿಡುವುದಿಲ್ಲ ಎನ್ನುವ ಛತ್ರಗಳೂ ಇವೆ. ಅಡ್ವಾನ್ಸ್ ಕೊಡುವ ಮೊದಲು ಇವೆಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ತಾರೀಖು ಬದಲಾದರೆ ಅಡ್ವಾನ್ಸ್ ಏನಾಗುತ್ತದೆ ಅನ್ನುವುದನ್ನೂ.

ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಸಕಲೇಶಪುರ ನಿಮಗೆ ನಲವತ್ತು ಕಿಲೋಮೀಟರ್ ಅಷ್ಟೆ. ಹಳದಿ, ಸಂಗೀತ್ ಒಂದು ದಿನ ಅಲ್ಲಿ, ತೀರಾ ಹತ್ತಿರದ ಐವತ್ತು ಜನಕ್ಕೆ. ಧಾರೆ, ಊಟ ಹಾಸನದ ಛತ್ರದಲ್ಲಿ. ಪ್ಲಾನರನ್ನು ಇಡೀ ಮದುವೆಗೆ ಗೊತ್ತು ಮಾಡಬೇಕಿಲ್ಲ. ಆ ಎರಡು ದಿನದ ಓಡಾಟಕ್ಕೆ ಮಾತ್ರ ಬನ್ನಿ ಅಂದರೆ ಬರುವವರು ಈಗ ಬಹಳ ಜನ ಇದ್ದಾರೆ.

ಮದುಮಗಳ ಅಲಂಕಾರದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಜಗಳ ಕೊನೆಗೆ ಬರುವುದು ಅಲ್ಲಿಗೇ. ಈಗ ಎಲ್ಲರಿಗೂ ತಿಳಿಗುಲಾಬಿ, ಪಿಸ್ತಾ ಹಸಿರು ಬೇಕು. ಬಯಲಿನ ಬೆಳಕಿನಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ. ಛತ್ರದೊಳಗೆ ವಿಡಿಯೋದವರು ಲೈಟ್ ಹೊಡೆದಾಗ ಮಾತ್ರ ಬಣ್ಣವೇ ಇಲ್ಲದ ಹಾಗೆ ಆಗುತ್ತದೆ. ಅವನ್ನು ಹಳದಿಗೋ ಸಂಗೀತಕ್ಕೋ ಇಟ್ಟುಕೊಳ್ಳಲಿ. ಧಾರೆಗೆ ನಮ್ಮ ಬಿಳಿ ಒಡಲು, ಕೆಂಪು ಅಂಚಿನ ಸೀರೆಯ ಮುಂದೆ ಯಾವ ಟ್ರೆಂಡೂ ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ. ಅಮ್ಮನ, ಅಜ್ಜಿಯ ಸೀರೆ ಉಡುವುದು ಈಗ ಜೋರಾಗಿದೆ. ನನಗೆ ತುಂಬಾ ಇಷ್ಟವಾದ ಬದಲಾವಣೆ ಇದು. ಆದರೆ ಹಳೆ ರೇಷ್ಮೆ ಮಡಿಕೆಯಲ್ಲಿ ಹಿಸಿಯುತ್ತದೆ. ಮೊದಲೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಪಾಲಿಶ್‌ಗೆ ಕೊಡಿ. ಮೈಸೂರು ಸಿಲ್ಕ್ ಕೊಳ್ಳುವುದಾದರೆ ಸರ್ಕಾರದ ಕೆಎಸ್‌ಐಸಿ ಮಳಿಗೆಗೇ ಹೋಗಿ. ಸೀರೆ ಸೀರೆಗೂ ಅದರದೇ ನಂಬರ್ ಇರುತ್ತದೆ, ಜರಿ ನಿಜವಾದ ಚಿನ್ನ, ಬೆಳ್ಳಿಯದು. ಬ್ಲೌಸಿಗೆ ಆರಿ ವರ್ಕ್ ಮಾಡಿಸುವುದಿದ್ದರೆ ಎರಡು ತಿಂಗಳು ಮುಂಚೆ ಕೊಡಿ. ಡಾಬು, ವಂಕಿ, ಜಡೆಬಿಲ್ಲೆ ಬಾಡಿಗೆಗೆ ಸಿಗುತ್ತವೆ. ಒಂದು ದಿನಕ್ಕೆ ಅಂತ ಕೊಂಡು ಲಾಕರಿನಲ್ಲಿ ಇಡುವುದೇಕೆ?

ಒಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಮುಹೂರ್ತ ಬೆಳಿಗ್ಗೆ ಆರಕ್ಕಿದ್ದರೆ ಹುಡುಗಿ ಎರಡೂವರೆಗೆ ಎದ್ದು ಮೇಕಪ್‌ಗೆ ಕೂರಬೇಕು. ಹಿಂದಿನ ರಾತ್ರಿ ಆರತಕ್ಷತೆ ಮುಗಿಯುವುದೇ ಹನ್ನೊಂದಕ್ಕೆ. ಧಾರೆಯ ಫೋಟೊಗಳಲ್ಲಿ ಕಣ್ಣು ಕೆಂಪಗಿರುವುದು ಬರೀ ಅಳುವಿನಿಂದಲ್ಲ. ಪುರೋಹಿತರನ್ನು ಕೇಳಿ ಹತ್ತರ ನಂತರದ ಲಗ್ನ ಇಡಿಸಿ.
ಬೆಂಗಳೂರಿನ ಓದುಗರು

ಉಗ್ರಾಣದ ಕೀ ಯಾರ ಹತ್ತಿರ?

ಆಂಟಿ, ನಾನು ನಿಮ್ಮ ಮಗಳ ವಯಸ್ಸಿನವಳು, ಮದುವೆಯಾಗಿ ಒಂದು ವರ್ಷವಾಯಿತು. ಅವಳಿಗೆ ಪ್ಲಾನರ್ ಯಾಕೆ ಬೇಕು ಅಂತ ಕೇಳಿದ್ದೀರಾ? ನನಗೆ ಯಾಕೆ ಬೇಕಿತ್ತು ಹೇಳುತ್ತೇನೆ. ನನ್ನ ಅಕ್ಕನ ಮದುವೆಯಲ್ಲಿ ಅಮ್ಮ ಎರಡು ದಿನವೂ ಉಗ್ರಾಣದ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರು. ಎಣ್ಣೆ ಕೊಡಿ, ಸಕ್ಕರೆ ಕೊಡಿ, ತಾಂಬೂಲದ ಕವರ್ ಸಾಲಲ್ಲ, ಬೀಗರ ರೂಮಿಗೆ ಕಾಫಿ ಹೋಗಿಲ್ಲ. ಧಾರೆ ಎರೆಯುವ ಹೊತ್ತಿಗೆ ಯಾರೋ ಹುಡುಕಿ ಕರೆತಂದರು. ಆಲ್ಬಮ್ಮಿನಲ್ಲಿ ಅವರು ನಗುತ್ತಾ ನಿಂತಿರುವ ಒಂದೇ ಒಂದು ಫೋಟೊ ಇಲ್ಲ.

ನನ್ನ ಮದುವೆಯಲ್ಲಿ ಆ ಕೆಲಸಕ್ಕೆ ಅಂತಲೇ ಇಬ್ಬರನ್ನು ಇಟ್ಟೆವು. ಬಸ್ಸು, ರೂಮು, ಹೂವು, ಪುರೋಹಿತರು ಕೇಳುವ ಸಾಮಾನು, ಎಲ್ಲ ಅವರದೇ ಜವಾಬ್ದಾರಿ. ನಮ್ಮ ಛತ್ರದ ಲೆಕ್ಕದಲ್ಲಿ ಅದು ದೊಡ್ಡ ಖರ್ಚೂ ಆಗಲಿಲ್ಲ. ಹೂವಿನ ಗೋಡೆ, ಹೊಗೆ ಮೆಷಿನ್ನು, ಡ್ರೋನ್ ಬಿಡಬಹುದು. ಆ ಇಬ್ಬರನ್ನು ಬಿಡಬೇಡಿ. ಮಗಳನ್ನು ಒಂದು ಸಲ ಒಬ್ಬಳನ್ನೇ ಕೂರಿಸಿಕೊಂಡು ಕೇಳಿ, ರೆಸಾರ್ಟ್ ಬೇಕಾ, ಅಥವಾ ನಾನು ಪಕ್ಕದಲ್ಲಿ ಇರಬೇಕಾ ಅಂತ.

ಸಾಲ ಮಾತ್ರ ಬೇಡ ಅಂತ ನಾನೂ ಹೇಳುತ್ತೇನೆ. ಪರ್ಸನಲ್ ಲೋನಿಗೆ ಬಡ್ಡಿ ಜಾಸ್ತಿ. ಹೊಸ ಸಂಸಾರದಲ್ಲಿ ಮನೆ ಬಾಡಿಗೆ ಅಡ್ವಾನ್ಸೇ ಒಂದು ದೊಡ್ಡ ಮೊತ್ತ.
ಹುಬ್ಬಳ್ಳಿಯ ಓದುಗರು

ಸಾವಿರ ಜನ ಯಾರು?

ನಿಮ್ಮ ಯಜಮಾನರ ಪರವಾಗಿ ಒಬ್ಬರಾದರೂ ಬರೆಯಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ಊರಿನವರ ಮದುವೆಗಳಿಗೆ ಹೋಗಿ, ಮುಯ್ಯಿ ಹಾಕಿ, ಉಂಡು ಬಂದವರು ಅವರು. ಈಗ ಮಗಳ ಮದುವೆ ರೆಸಾರ್ಟಿನಲ್ಲಿ ಅಂದರೆ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಏನು ಹೇಳಬೇಕು? ಇದು ಬರೀ ಒಣ ಪ್ರತಿಷ್ಠೆ ಅಂತ ನನಗೆ ಅನಿಸುವುದಿಲ್ಲ. ತಿಂದ ಊಟದ ಋಣ ಅದು.

ಆದರೆ ಅವರಿಗೂ ಒಂದು ಕೆಲಸ ಕೊಡಿ. ಸಾವಿರ ಅಂತ ಬಾಯಲ್ಲಿ ಹೇಳಿದ್ದು ಸಾಕು, ಹೆಸರು ಬರೆಯಲಿ. ಒಂದು ಹಳೇ ನೋಟ್‌ಬುಕ್ ಹಿಡಿದು ಕೂತರೆ ಆರುನೂರರ ಹತ್ತಿರ ಪೆನ್ನು ನಿಂತರೂ ನಿಂತೀತು. ಕಾರ್ಡ್ ಹಂಚಲು ಹೋಗುವಾಗ ಮಗಳನ್ನೂ ಜತೆಗೆ ಕರೆದುಕೊಂಡು ಹೋಗಲಿ. ನಾಲ್ಕು ಮನೆಯಲ್ಲಿ ಕಾಫಿ ಕುಡಿದು ಬರುವಾಗ ಮಾತು ತಾನಾಗಿಯೇ ಶುರುವಾಗುತ್ತದೆ.
ಮಂಡ್ಯದ ಓದುಗರು

ಎಲೆ ಲೆಕ್ಕ

ನಾನು ಅಡುಗೆ ಕಂಟ್ರ್ಯಾಕ್ಟ್ ಹಿಡಿಯುವವನು. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ ಅಂತ ಛತ್ರ ಹಿಡಿಯುವ ಮುಂಚೆಯೇ ಕೇಳಿ. 250 ಅಂದರೆ ಸಾವಿರ ಜನಕ್ಕೆ ನಾಲ್ಕು ಪಂಕ್ತಿ. ಎಲೆ ಹಾಕಿ, ಬಡಿಸಿ, ಜನ ಉಂಡೆದ್ದು, ಟೇಬಲ್ ಒರೆಸುವ ಹೊತ್ತಿಗೆ ಮುಕ್ಕಾಲು ಗಂಟೆ ಬೇಕೇ ಬೇಕು. ಹನ್ನೆರಡಕ್ಕೆ ಶುರುವಾದರೆ ಮೂರು ಗಂಟೆ. ಮೇಲೆ ಬರೆದ ಅಮ್ಮನವರು ಹತ್ತರ ನಂತರ ಲಗ್ನ ಇಡಿಸಿ ಅಂದಿದ್ದಾರಲ್ಲ, ಹನ್ನೊಂದೂವರೆ ದಾಟಿಸಬೇಡಿ. ಜನ ಅಕ್ಷತೆ ಹಾಕಿದವರೇ ಒಟ್ಟಿಗೆ ಊಟದ ಬಾಗಿಲಿಗೆ ನುಗ್ಗುತ್ತಾರೆ.

ಎಷ್ಟು ಜನ ಬರುತ್ತೀರಿ ಅಂತ ವಾಟ್ಸ್ಯಾಪಿನಲ್ಲಿ ಕೇಳುವ ಪದ್ಧತಿ ನಮ್ಮ ಕಡೆ ನಡೆಯುವುದಿಲ್ಲ. ಕಾರ್ಡಿನಲ್ಲಿ ‘ಸಕುಟುಂಬ ಪರಿವಾರ ಸಮೇತ’ ಅಂತ ಹಾಕಿದ ಮೇಲೆ ತಲೆ ಎಣಿಸಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ನಾನು ಹೇಳುವುದು, ಎಂಟುನೂರು ಎಲೆಗೆ ಮಾತಾಡಿ, ಇನ್ನು ನೂರು ಜನಕ್ಕಾಗುವ ಅಕ್ಕಿ, ಬೇಳೆ, ತರಕಾರಿ ಉಗ್ರಾಣದಲ್ಲಿರಲಿ. ಬೇಕಾದರೆ ಅರ್ಧ ಗಂಟೆಯಲ್ಲಿ ಅನ್ನ ಸಾರು ಮಾಡಬಹುದು, ಹೋಳಿಗೆ ಆಗುವುದಿಲ್ಲ. ಎಲೆ ಎಣಿಸಲು ಮನೆಯವರೊಬ್ಬರು ನಿಲ್ಲಲಿ. ಪ್ಲಾನರ್ ಕಡೆ ಹುಡುಗರನ್ನು ನಿಲ್ಲಿಸಿದರೆ ಆಮೇಲೆ ನಮಗೂ ನಿಮಗೂ ವಾದ.

ರಾತ್ರಿ ಆರತಕ್ಷತೆಗೆ ಚಾಟ್, ಪಾಸ್ತಾ, ಲೈವ್ ದೋಸೆ ಅಂತ ಹತ್ತು ಕೌಂಟರ್ ಹಾಕಿಸುತ್ತಾರೆ. ಜನ ಪ್ರತಿಯೊಂದರ ಮುಂದೆಯೂ ಒಂದು ತಟ್ಟೆ ಹಿಡಿದು ಅರ್ಧ ತಿಂದು ಬಿಡುತ್ತಾರೆ. ಎರಡು ಕೌಂಟರ್ ಸಾಕು. ಬಿಸಿಬೇಳೆಬಾತ್ ಬಿಸಿಯಾಗಿದ್ದರೆ ಯಾರೂ ಪಾಸ್ತಾ ಕೇಳುವುದಿಲ್ಲ.
ಶೃಂಗೇರಿ ಕಡೆಯ ಓದುಗರು

ತೆಪ್ಪ ಬೇಡ

ತೆಪ್ಪದ ಮೇಲೆ ಫೋಟೊ ಅಂತ ಓದಿ ಎದೆ ಝಲ್ ಅಂದಿತು. ನಮ್ಮದು ತಲಕಾಡಿನ ಹತ್ತಿರದ ಊರು. 2020ರ ನವೆಂಬರಿನಲ್ಲಿ ಮುಡುಕುತೊರೆ ಬಳಿ ಕಾವೇರಿಯಲ್ಲಿ ಹೀಗೇ ಫೋಟೊ ತೆಗೆಸುವಾಗ ತೆಪ್ಪ ಮಗುಚಿ, ಮದುವೆ ನಿಶ್ಚಯವಾಗಿದ್ದ ಹುಡುಗ ಹುಡುಗಿ ಇಬ್ಬರೂ ತೀರಿಕೊಂಡರು. ರೇಷ್ಮೆ ಸೀರೆಯೋ ಗೌನೋ ನೆನೆದರೆ ಈಜು ಬಂದರೂ ಕೈಕಾಲು ಆಡುವುದಿಲ್ಲ. ದಂಡೆಯ ಮೇಲೆ ನಿಂತು ತೆಗೆಸಿ. ಕಾಫಿ ತೋಟ ಅಷ್ಟು ಚಂದ ಇದೆಯಲ್ಲ ಅಲ್ಲಿ, ತೋಟದವರನ್ನು ಕೇಳಿಕೊಂಡು ಹೋಗಿ.
ತಿ. ನರಸೀಪುರದ ಓದುಗರು

ಕಾರ್ಡ್ ಪ್ರಿಂಟಿಗೆ ಹೋಗುವ ಮುನ್ನ

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಮದುವೆ ನೋಂದಣಿ. ಲಗ್ನಪತ್ರಿಕೆಯಲ್ಲಿ ಹುಡುಗ, ಹುಡುಗಿಯ ಹೆಸರು ಆಧಾರ್, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಪ್ರೀತಿಯ ಹೆಸರು ಬೇಕಿದ್ದರೆ ಕೆಳಗೆ ಹಾಕಿಸಿ. ತಾಳಿ ಕಟ್ಟುವ ಫೋಟೊ, ಪತ್ರಿಕೆ, ಮೂವರು ಸಾಕ್ಷಿಗಳ ಗುರುತಿನ ಚೀಟಿ, ಇಷ್ಟನ್ನು ಒಂದು ಕವರಿನಲ್ಲಿ ತೆಗೆದಿಡಿ. ಈಗ ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಅಳಿಯನಿಗೆ ಹೊರದೇಶದ ಅವಕಾಶ ಬಂದರೆ ಮಗಳ ವೀಸಾಕ್ಕೆ ಮೊದಲು ಕೇಳುವುದೇ ಈ ಸರ್ಟಿಫಿಕೇಟನ್ನು.
ಮೈಸೂರಿನ ಓದುಗರು

15 ಲಕ್ಷವೂ ಯಾಕೆ?

ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿ ತೋರಿಸಿದರು. ನಾವೂ ಹಾಗೇ ಮದುವೆಯಾದವರು. ಪ್ರತಿಜ್ಞೆ ಓದಿ, ಹಾರ ಬದಲಾಯಿಸಿ, ಬಂದವರಿಗೆ ಊಟ ಹಾಕಿ ಕಳಿಸಿದೆವು. ಪ್ಲಾನರೂ ಬೇಡ, ಛತ್ರವೂ ಬೇಡ. ಆ ದುಡ್ಡು ಮಗಳ ಹೆಸರಿನಲ್ಲಿ ಇಡಿ. ಒಪ್ಪುವುದಿಲ್ಲ ಅಂತ ಗೊತ್ತು, ಆದರೂ ಹೇಳುವವರು ಒಬ್ಬರು ಬೇಕಲ್ಲ!
ತೀರ್ಥಹಳ್ಳಿಯ ಓದುಗರು

ಬೀಗರನ್ನು ಕೇಳಿದಿರಾ?

ಅಕ್ಕಾ, ನಿಮ್ಮ ಪತ್ರದಲ್ಲಿ ಬೀಗರು ಒಳ್ಳೆಯವರು ಅಂತ ಒಂದೇ ಸಾಲಿದೆ. ಖರ್ಚಿನ ಮಾತು ಅವರ ಹತ್ತಿರ ಆಡಿದ್ದೀರೋ ಇಲ್ಲವೋ ಬರೆದಿಲ್ಲ. ಮದುವೆ ಪೂರ್ತಿ ಹೆಣ್ಣಿನವರೇ ಮಾಡಿಕೊಡಬೇಕು ಅನ್ನುವ ಕಾಲ ನಮ್ಮ ಕಡೆಯೂ ಹೋಗುತ್ತಿದೆ. ನಾನು ಗಂಡಿನ ತಾಯಿ. ನಮ್ಮ ಮಗನ ಮದುವೆಯಲ್ಲಿ ಧಾರೆ ಅವರ ಊರಿನಲ್ಲಿ ಅವರೇ ಮಾಡಿದರು. ಆರತಕ್ಷತೆ ಚಿತ್ರದುರ್ಗದಲ್ಲಿ ನಾವು ಇಟ್ಟುಕೊಂಡೆವು. ನಮ್ಮ ನೆಂಟರೆಲ್ಲ ಇಲ್ಲೇ ಉಂಡರು. ಹೆಣ್ಣಿನ ಕಡೆಯವರಿಗೆ ಬಸ್ಸು, ರೂಮು, ಊಟ ಅರ್ಧಕ್ಕರ್ಧ ಇಳಿಯಿತು.

ನಿಮ್ಮ ಬೀಗರೂ ದಾವಣಗೆರೆಯಿಂದ ಎರಡು ಬಸ್ಸು ಜನ ತರುವ ಬದಲು ಅಲ್ಲೇ ಆರತಕ್ಷತೆ ಮಾಡಲು ಒಪ್ಪಬಹುದು. ನೀವು ನೇರವಾಗಿ ಕೇಳಲು ಸಂಕೋಚ ಪಡಬೇಡಿ. ಕಷ್ಟ ಅನಿಸಿದರೆ ಮಗಳು ಹುಡುಗನಿಗೆ ಹೇಳಲಿ, ಅವನು ಅವರ ತಾಯಿಗೆ ಹೇಳಲಿ. ಆದರೆ ಛತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ಈ ಮಾತು ಮುಗಿಸಿ. ಆಮೇಲೆ ಹೇಳಿದರೆ ಅವರಿಗೂ ಅಲ್ಲಿ ಹಾಲ್ ಸಿಗುವುದಿಲ್ಲ.
ಚಿತ್ರದುರ್ಗದ ಓದುಗರು