ಹಾಲ್‌ಗೆ ಮ್ಯಾಟಾ, ಶೀನಾ? ಪೇಂಟಿಂಗ್ ಮೇಸ್ತ್ರಿಗೆ ಪ್ರಶ್ನೆ

ಪ್ರಶ್ನೆ (ವಿಜಯನಗರದಿಂದ): ನಮಸ್ಕಾರ ಸರ್. ನಮ್ಮದು ಹಳೇ ಮನೆ, ಎರಡು ಬೆಡ್‌ರೂಮು. ದಸರಾದೊಳಗೆ ಒಳಗಡೆ ಪೇಂಟ್ ಮುಗಿಸಬೇಕು ಅಂತಿದೀವಿ. ಕಾಂಟ್ರ್ಯಾಕ್ಟರು "ಎಲ್ಲಾ ರೂಮಿಗೂ ರಾಯಲ್ ಹೊಡೆಸಿಬಿಡಿ ಮೇಡಂ, ಫಳಫಳ ಅನ್ನತ್ತೆ" ಅಂತಾರೆ. ಮನೆಯವರಿಗೂ ಹೊಳಪೇ ಇಷ್ಟ. ಆದರೆ ಹಾಲ್ ಗೋಡೆ ಅಲ್ಲಲ್ಲಿ ಉಬ್ಬುತಗ್ಗು. ಅಡುಗೆಮನೆಯಲ್ಲಿ ಒಗ್ಗರಣೆ ಜಿಡ್ಡು. ಚಿಕ್ಕ ಮಗನ ಕೈಗೆ ಕ್ರೆಯಾನ್ ಸಿಕ್ಕರೆ ಗೋಡೆಯೇ ಸ್ಲೇಟು. ಎಲ್ಲಿಗೆ ಯಾವ ಫಿನಿಶ್ ಸರಿ?

ಉತ್ತರ: ಮೇಡಂ, ರಾಯಲ್ ಅನ್ನೋದು ಏಷಿಯನ್ ಪೇಂಟ್ಸ್‌ನವರ ಒಂದು ಬ್ರ್ಯಾಂಡು, ಫಿನಿಶ್ ಅಲ್ಲ. ಅದರಲ್ಲೇ ಹೊಳಪಿಲ್ಲದ ಮ್ಯಾಟೂ ಇದೆ, ಹೊಳೆಯೋ ಶೀನೂ ಇದೆ. ಕೊಟೇಶನ್‌ನಲ್ಲಿ ಬರೀ "ರಾಯಲ್" ಅಂತಿದ್ರೆ ಒಪ್ಪಬೇಡಿ, ಪೂರ್ತಿ ಹೆಸರು, ಫಿನಿಶ್, ಎಷ್ಟು ಕೋಟು ಅಂತ ಬರೆಸಿಕೊಳ್ಳಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಹಾಲ್ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನ ಗೋಡೆಗೆ ಒರಗಿಸಿದ ಹಾಗೆ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಕರಣೆ ಎಳೆದ ಗುರುತು, ವೈರಿಂಗ್‌ಗೆ ಕೊರೆದು ಮುಚ್ಚಿದ ಪಟ್ಟಿ, ಮೊಳೆ ಕಿತ್ತ ಗುಂಡಿ ಎಲ್ಲಾ ಎದ್ದು ಕಾಣತ್ತೆ. ಶೀನ್ ಹೊಡೆದರೆ ಸಂಜೆ ಕಿಟಕಿ ಬಿಸಿಲಿಗೆ, ಫಾಲ್ಸ್ ಸೀಲಿಂಗ್‌ನ ಎಲ್‌ಇಡಿ ಪಟ್ಟಿಗೆ ದಿನಾ ಅದೇ ಕಾಣೋದು. ಮ್ಯಾಟ್ ಬೆಳಕನ್ನ ಚದುರಿಸಿಬಿಡತ್ತೆ, ತಗ್ಗು ಮುಚ್ಚಿಹೋಗತ್ತೆ. ಹೊಳಪೇ ಬೇಕು ಅಂತ ಯಜಮಾನರು ಹಟ ಹಿಡಿದರೆ ಪೂರ್ತಿ ಗೋಡೆಗೆ ಎರಡು ಕೋಟ್ ಉಬ್ಬುತಗ್ಗು ಸಮ ಮಾಡೋ ಪುಟ್ಟಿ, ಎಮರಿ ಪೇಪರ್‌ನಲ್ಲಿ ಉಜ್ಜು, ಆಮೇಲೆ ಪೇಂಟ್ ಹಿಡಿಯೋಕೆ ಪ್ರೈಮರ್. ಆ ಕೂಲಿ ಲೆಕ್ಕ ಕೇಳಿದ ಮೇಲೆ ತುಂಬಾ ಜನ ಮ್ಯಾಟ್‌ಗೆ ಬರ್ತಾರೆ. ನನ್ನ ಓಟೂ ಹಾಲ್‌ಗೆ ಮ್ಯಾಟೇ.

ಮ್ಯಾಟ್‌ನ ತೊಂದರೆಯೂ ಹೇಳಿಬಿಡ್ತೀನಿ. ಅದರಲ್ಲಿ ಪಿಗ್ಮೆಂಟು, ಪುಡಿ ಜಾಸ್ತಿ, ಅಂಟು ಕಡಿಮೆ. ಕಲೆ ಆಯ್ತು ಅಂತ ಗಟ್ಟಿಯಾಗಿ ಉಜ್ಜಿದರೆ ಕಲೆ ಹೋಗತ್ತೋ ಇಲ್ಲವೋ, ಉಜ್ಜಿದ ಜಾಗ ಮಾತ್ರ ಹೊಳೆಯೋಕೆ ಶುರುವಾಗತ್ತೆ. ಅದಕ್ಕೇ ಮಗನ ರೂಮಿಗೆ ಸಾಫ್ಟ್ ಶೀನ್ ಇಲ್ಲಾ ವಾಷಬಲ್ ಮ್ಯಾಟ್. ವಾಷಬಲ್ ಮ್ಯಾಟ್ ರೇಟು ಜಾಸ್ತಿ, ಆ ಒಂದು ರೂಮಿಗೆ ಪರವಾಗಿಲ್ಲ. ಪೇಂಟ್ ಆದ ತಿಂಗಳವರೆಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಗಟ್ಟಿಯಾಗಲಿ.

ಅಡುಗೆಮನೆಯಲ್ಲಿ ಟೈಲ್ಸ್ ಮೇಲಿನ ಗೋಡೆಗೆ ಸ್ಯಾಟಿನ್, ಅಂದ್ರೆ ಹದವಾದ ಹೊಳಪಿನ ಫಿನಿಶ್. ಒಲೆ ಮೇಲಿನ ಜಾಗವನ್ನ ಮೊದಲು ಸೋಪ್ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಲೇಬೇಕು. ಜಿಡ್ಡಿನ ಮೇಲೆ ಎಂಥಾ ಪೇಂಟೂ ಕೂರಲ್ಲ. ಸೀಲಿಂಗ್ ಎಲ್ಲಾ ಕಡೆ ಮ್ಯಾಟ್ ಬಿಳಿ. ಬಾಗಿಲು, ಗ್ರಿಲ್‌ಗೆ ಎನಾಮೆಲ್. ಬಿಳಿ ಬಾಗಿಲಾದರೆ ವಾಟರ್ ಬೇಸ್ ಎನಾಮೆಲ್ ಕೇಳಿ, ಆಯಿಲ್‌ನದ್ದು ಕತ್ತಲೆ ಜಾಗದಲ್ಲಿ ಬರ್ತಾ ಬರ್ತಾ ಹಳದಿಯಾಗತ್ತೆ.

ಪ್ರಶ್ನೆ (ಮಲ್ಲೇಶ್ವರದಿಂದ): ಅಣ್ಣ, ನಮ್ಮ ಅಜ್ಜಿ ಕಾಲದ ಮನೆ, ಸೊಂಟದೆತ್ತರಕ್ಕೆ ಆಯಿಲ್ ಪೇಂಟು, ಮೇಲೆ ಡಿಸ್ಟೆಂಪರ್. ನೇರವಾಗಿ ಎಮಲ್ಷನ್ (ನೀರು ಬೆರೆಸೋ ಪೇಂಟು) ಹೊಡೀಬಹುದಾ?

ಉತ್ತರ: ಬೇಡಣ್ಣ. ಒದ್ದೆ ಬಟ್ಟೆಯಲ್ಲಿ ಮೇಲ್ಗಡೆ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಿದರೆ ಡಿಸ್ಟೆಂಪರ್ ಕೆರೆದು ತೆಗೀಲೇಬೇಕು. ಇಲ್ಲದಿದ್ರೆ ಹೊಸ ಪೇಂಟು ಹಾಳೆ ಹಾಳೆಯಾಗಿ ಎದ್ದು ಬರತ್ತೆ. ಕೆಳಗಿನ ಆಯಿಲ್ ಪೇಂಟ್‌ನ ಹೊಳಪು ಸಾಯೋವರೆಗೂ ಉಜ್ಜಿಸಿ, ಹಿಡಿತಕ್ಕೆ ಪ್ರೈಮರ್ ಕೊಡಿಸಿ. ಅಂಗಡಿಯವರಿಗೆ "ಕೆಳಗೆ ಆಯಿಲ್ ಪೇಂಟ್ ಇದೆ" ಅಂತ ಹೇಳಿಯೇ ಪ್ರೈಮರ್ ತಗೊಳ್ಳಿ.

ಪ್ರಶ್ನೆ (ಬನಶಂಕರಿಯಿಂದ): ಬಾತ್‌ರೂಮ್ ಆಚೆ ಕಡೆ ಬೆಡ್‌ರೂಮ್ ಗೋಡೆಯಲ್ಲಿ ಬಿಳಿ ಹುಡಿ ಬರ್ತಿದೆ. ಗ್ಲಾಸಿ ಹೊಡೆದರೆ ನಿಲ್ಲತ್ತೆ ಅಂತ ಒಬ್ಬರು ಹೇಳಿದ್ರು.

ಉತ್ತರ: ನಿಲ್ಲಲ್ಲ ಸರ್. ಆ ಹುಡಿ ನೀರಿನ ಜೊತೆ ಬಂದ ಉಪ್ಪು. ಮೇಲೆ ಗ್ಲಾಸಿ ಹೊಡೆದರೆ ತೇವಕ್ಕೆ ಆಚೆ ಬರೋ ದಾರಿ ಮುಚ್ಚಿ, ಪೇಂಟು ಗುಳ್ಳೆ ಏಳತ್ತೆ. ಮೊದಲು ಪ್ಲಂಬರ್ ಕರೆಸಿ ಪೈಪು, ಟೈಲ್ಸ್ ಸಂದು ನೋಡಿಸಿ. ಸೋರಿಕೆ ನಿಂತು ಗೋಡೆ ಪೂರ್ತಿ ಒಣಗೋವರೆಗೂ ಪೇಂಟಿಗೆ ದುಡ್ಡು ಹಾಕಬೇಡಿ.

ವಿಜಯನಗರದವರು ಮತ್ತೆ: ಸರ್, ಟಾರ್ಚ್ ಹಿಡಿದು ನೋಡಿದೆವು. ಮನೆಯವರು ಮಾತೇ ಆಡಲಿಲ್ಲ, ಹಾಲ್‌ಗೆ ಮ್ಯಾಟ್ ಅಂತ ಆಯ್ತು. 😀 ಆಮೇಲೆ ಎಲ್ಲಾದರೂ ಗೀರಾದರೆ ಟಚಪ್ ಮಾಡಬಹುದಾ?

ಉತ್ತರ: ಮ್ಯಾಟ್‌ನಲ್ಲಿ ಆರಾಮಾಗಿ ಬೆರೆಯತ್ತೆ ಮೇಡಂ. ಶೀನ್‌ನಲ್ಲಿ ತೇಪೆ ಕಾಣತ್ತೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೀಬೇಕಾಗತ್ತೆ. ಉಳಿದ ಪೇಂಟನ್ನ ಚಿಕ್ಕ ಡಬ್ಬಕ್ಕೆ ಕಂಠಪೂರ್ತಿ ತುಂಬಿ ಮುಚ್ಚಳ ಬಿಗಿ ಮಾಡಿ. ಶೇಡ್ ಕೋಡು, ಯಾವ ರೂಮು ಅಂತ ಡಬ್ಬದ ಮೇಲೇ ಬರೆಯಿರಿ, ಮುಚ್ಚಳಗಳು ಅದಲುಬದಲಾಗತ್ವೆ. ಇನ್ನೊಂದು, ಮಳೆ ಹಿಡಿದ ದಿನ ಎರಡನೇ ಕೋಟಿಗೆ ಅವಸರ ಮಾಡಿಸಬೇಡಿ. ಹಬ್ಬ ಹತ್ತಿರ ಬಂತು ಅಂತ ಹುಡುಗರು ಅದೇ ಮಾಡೋದು.